ನಡುಮನೆಯ ಫೈಕಸ್

ದಡ್ಡರಿಂದ ಸಂಸಾರಕ್ಕೆ ಅಂಥ ಹಾನಿಯೇನೂ ಇಲ್ಲ. ಅವರು ಸುಮ್ಮನಿರುತ್ತಾರೆ. ಅಷ್ಟಿಷ್ಟು ತಿಳಿದವನಿಗೆ ಮಾತ್ರ ತಿಳಿದದ್ದನ್ನು ಹೇಳದಿದ್ದರೆ ಉಂಡ ಅನ್ನ ಅರಗುವುದಿಲ್ಲ. ನಾನು ಆ ಪೈಕಿಯವನು.

ಜಯನಗರದ ನಮ್ಮ ಮನೆಯ ಕಿಟಕಿ ಪಕ್ಕ, ನನ್ನ ಹೆಂಡತಿ ಸುಧಾ ತಂದಿಟ್ಟ ಫೈಕಸ್ ಗಿಡವೊಂದಿದೆ. ಹೆಚ್ಚುಕಡಿಮೆ ನನ್ನಷ್ಟೇ ಎತ್ತರ. ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ನನ್ನ ಅಮ್ಮ, ಪಾರ್ಕಿನ ಅಶ್ವತ್ಥಕಟ್ಟೆಯ ಪ್ರದಕ್ಷಿಣೆ ತಪ್ಪಿಹೋಯಿತೆಂದು ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಅವಳನ್ನು ಸಮಾಧಾನಪಡಿಸಲು ಹೋಗಿ, ಇದೂ ಅಶ್ವತ್ಥದ ದಾಯಾದಿಯೇ ಎಂದುಬಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಗಿಡಕ್ಕೆ ಅರಿಶಿನ ಕುಂಕುಮ ಏರಿತ್ತು!

ಸರಿ, ಗೋಡೆಗೆ ಅಂಟಿಕೊಂಡ ದೇವರನ್ನು ಸುತ್ತುವುದು ಹೇಗೆ? ದಿನಾ ಬೆಳಿಗ್ಗೆ ಕುಂಡವನ್ನು ನಡುಮನೆಗೆ ಎಳೆಯುವುದು, ಅಮ್ಮ ಕೋಲೂರಿಕೊಂಡು ಸುತ್ತು ಮುಗಿಸಿದ ಮೇಲೆ ಮತ್ತೆ ಕಿಟಕಿಗೆ ತಳ್ಳುವುದು ನನ್ನ ಪಾಲಿಗೆ ಬಂತು. ನನ್ನ ಸೊಂಟ ಹಿಡಿಯಿತು, ಗಿಡದ ಎಲೆ ಉದುರತೊಡಗಿತು. ನೀರು ಹೆಚ್ಚು ಹಾಕಿದೆ, ಕಡಿಮೆ ಹಾಕಿದೆ, ಗೊಬ್ಬರ ಹಾಕಿದೆ. ಎಲೆ ಉದುರಿದಷ್ಟೂ ಅಮ್ಮ ಸುತ್ತು ಹೆಚ್ಚಿಸಿದಳು. ಕೊನೆಗೊಂದು ದಿನ ಸುತ್ತುವುದನ್ನೇ ಬಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟಳು.

“ನನ್ನ ಸೇವೆ ಅವನಿಗೆ ಬೇಡ ಅಂತ ಕಾಣುತ್ತೆ ಕಣೋ” ಎಂದಳು.

ಉದುರಿದ ಎಲೆ ಗುಡಿಸುತ್ತಿದ್ದ ಸುಧಾ, ಈ ಗಿಡಕ್ಕೆ ಜಾಗ ಬದಲಿಸಿದರೆ ಆಗಿಬರುವುದಿಲ್ಲವೆಂದು ನರ್ಸರಿಯವರು ಕೊಡುವಾಗಲೇ ಹೇಳಿದ್ದರು ಎಂದಳು. ಮೊದಲೇ ಬೊಗಳಬಾರದಿತ್ತೇ ಎಂದು ರೇಗಿದೆ.

“ನೀವು ಇನ್ನೊಬ್ಬರನ್ನ ಮಾತಾಡಕ್ಕೆ ಬಿಟ್ರೆ ತಾನೇ ರೀ?”

ಅಂದಿನಿಂದ ಕುಂಡ ನಡುಮನೆಯಲ್ಲೇ ಠಿಕಾಣಿ ಹೂಡಿದೆ. ಬಾಲ್ಕನಿಯ ಬೆಳಕು ಅಲ್ಲಿಗೂ ಬೀಳುತ್ತದೆ. ಟೀಪಾಯಿ ಮಂಚದ ಕೆಳಗೆ ಸೇರಿತು. ಟೀವಿಯಲ್ಲಿ ಕ್ರಿಕೆಟ್ ನೋಡಿದರೆ ವಿಕೆಟ್ ಕೀಪರ್ ಮಾತ್ರ ಕೊಂಬೆಯ ಮರೆಯಲ್ಲಿರುತ್ತಾನೆ. ಕೆಲವು ವಾರ ಗಿಡ ನನ್ನ ಬೋಳು ತಲೆಯಂತೆಯೇ ಇತ್ತು. ಮೊನ್ನೆ ತುದಿಯಲ್ಲಿ ಎಳೆ ಚಿಗುರು ಕಂಡಿತು. ಅಮ್ಮ ಕನ್ನಡಕ ಏರಿಸಿ ನೋಡಿದಳು, ಕೋಲು ಹಿಡಿದು ಎದ್ದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ದೇವಸ್ಥಾನಕ್ಕೆ ಹೋದರೆ ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲುವ ಆಸಾಮಿ ನಾನು. ಈಗ ಅಡುಗೆಮನೆಗೆ ಹೋಗಬೇಕಾದರೂ ಗಿಡ ಬಳಸಿಯೇ ಹೋಗಬೇಕು. ನಿನ್ನೆ ಕಾಫಿಯ ಆತುರದಲ್ಲಿ ಉಲ್ಟಾ ಕಡೆಯಿಂದ ನುಗ್ಗಿದೆ.

“ಅಪ್ರದಕ್ಷಿಣೆ ಆಯ್ತು, ವಾಪಸ್ ಬಾ” ಎಂದಳು ಅಮ್ಮ.

ಇದು ಅಸಲಿ ಅಶ್ವತ್ಥವಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, ತೆಪ್ಪಗೆ ಹಿಂದಿರುಗಿ ಸರಿಯಾಗಿ ಸುತ್ತಿ ಹೋದೆ. ಅಷ್ಟರಲ್ಲಿ ಕಾಫಿ ಆರಿಹೋಗಿತ್ತು.