ನಡುವಿನ ಎರಡು ವೈರು

ಅವತ್ತಿನ ಇಡೀ ಅನಾಹುತಕ್ಕೆ ಕಾರಣ ಗೇಣುದ್ದದ ಒಂದು ತುಂಡು ಬಟ್ಟೆ. ಯಾರದೋ ಶರ್ಟು ಕತ್ತರಿಸಿ ಉಳಿದದ್ದು. ಮೆತ್ತಗಿತ್ತು. ಅದನ್ನು ಕೈಯಲ್ಲಿ ಹಿಡಿದ ದರ್ಜಿಗೆ ಬೆಳಬೆಳಗ್ಗೆ ಏನನ್ನಾದರೂ ಒರೆಸಬೇಕು ಅನ್ನಿಸಿತು. ಎದುರಿಗೆ ಕಾರು ನಿಂತಿತ್ತು.

ಕಾರು ಅವನದಲ್ಲ, ಹೆಂಡತಿಯ ಅಣ್ಣನದು. ಬೇರೆ ಊರಿಗೆ ವರ್ಗವಾಗಿ ಹೋಗುವಾಗ ಭಾವ ಕೀಲಿಕೈ ಕೊಟ್ಟು, "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಆಫ್ ಮಾಡು. ಓಡಿಸ್ಬೇಡ," ಅಂದಿದ್ದ. ಕೀಲಿಕೈ ಕೊಟ್ಟು ಓಡಿಸಬೇಡ ಅಂದರೆ ಸುಮ್ಮನಿರುವವನು ಸಂತ. ದರ್ಜಿ ಸಂತನಲ್ಲ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ರೇಡಿಯೇಟರಿನಲ್ಲಿ ನೀರಿದೆಯೋ ಇಲ್ಲವೋ ನೋಡದೆ, ಬೀದಿಬೀದಿ ಮೆರೆದ. ದಿಬ್ಬದ ಮೇಲೆ ಎಂಜಿನ್ ಕುದಿದು, ಕಿರುಚಿ, ಕಲ್ಲಾಗಿ ಕೂತಿತು. ಗ್ಯಾರೇಜಿನ ಮೇಸ್ತ್ರಿ ಅದನ್ನು ಪೂರ್ತಿ ಬಿಚ್ಚಿ, ಒಳಗಿನದೆಲ್ಲ ಹೊಸದು ಹಾಕಿ ಕಟ್ಟಿಕೊಟ್ಟ. ಪ್ರತಿಯಾಗಿ ಗ್ಯಾರೇಜಿನ ಅಷ್ಟೂ ಜನಕ್ಕೆ ದರ್ಜಿ ಪುಕ್ಕಟೆ ಖಾಕಿ ಹೊಲಿದುಕೊಡಬೇಕು. ಆ ಬಟ್ಟೆ ಹೊಲಿಗೆ ಯಂತ್ರದ ಪಕ್ಕ ಗುಡ್ಡದಂತೆ ಬಿದ್ದಿತ್ತು.

ಇದಾವುದೂ ಭಾವನಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಸಂಜೆ ಬಸ್ಸಿಗೆ ಅವನೇ ಬಂದು ಕಾರು ತೆಗೆದುಕೊಂಡು ಹೋಗುವವನಿದ್ದ.

"ಬಾನೆಟ್ ತೆಗೀಬೇಡ, ಏನೂ ಮುಟ್ಬೇಡ," ಎಂದು ಮೇಸ್ತ್ರಿಯೂ ಹೇಳಿದ್ದ. ದರ್ಜಿ ಬಾನೆಟ್ ತೆಗೆದ. ಒಂದು ಕರಿ ಮುಚ್ಚಳದಿಂದ ನಾಲ್ಕು ವೈರು ಹೊರಟು ನಾಲ್ಕು ಪ್ಲಗ್ಗಿಗೆ ಹೋಗಿದ್ದವು. ನಾಲ್ಕನ್ನೂ ಕಿತ್ತು, ಹೊಳೆಯುವ ಹಾಗೆ ಒರೆಸಿ, ಮತ್ತೆ ಸಿಕ್ಕಿಸಿದ. ಯಾವುದು ಯಾವ ಪ್ಲಗ್ಗಿನದು ಎಂದು ಗುರುತು ಇಟ್ಟುಕೊಂಡಿರಲಿಲ್ಲ. ಎಲ್ಲವೂ ಕರಿ, ಎಲ್ಲವೂ ಒಂದೇ ಉದ್ದ. ಒಂದೇ ಥರದ ಅಂಗಿಗುಂಡಿಗೆ ಗುರುತು ಯಾಕೆ ಎಂಬುದು ದರ್ಜಿಯ ಬುದ್ಧಿ.

ಸ್ಟಾರ್ಟ್ ಮಾಡಿದ. ಕಾರು ಚಳಿಜ್ವರ ಬಂದವರಂತೆ ಗಡಗಡ ನಡುಗಿತು. ಕನ್ನಡಿ ಅಲ್ಲಾಡಿತು, ಬಾಗಿಲು ಅಲ್ಲಾಡಿತು, ಸೀಟಿನ ಮೇಲಿದ್ದ ದರ್ಜಿಯ ಗಲ್ಲ ಅಲ್ಲಾಡಿತು.

ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. "ಏನ್ ಮಾಡಿದ್ರಿ?"

"ನಾನೇನೂ ಮುಟ್ಟಿಲ್ಲ!"

"ಮುಟ್ಟಿದ್ರಾ ಅಂತ ಕೇಳ್ಲಿಲ್ಲ. ಏನ್ ಮಾಡಿದ್ರಿ ಅಂತ ಕೇಳಿದೆ."

ಅಷ್ಟರಲ್ಲಿ ಪಕ್ಕದ ಗೋಡೆಯ ಮೇಲೆ ಒಂದು ತಲೆ ಎದ್ದಿತು. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತನಾದ ಬಸ್ಸಣ್ಣನದು. ಬೀದಿಯಲ್ಲಿ ಯಾವ ಗಾಡಿ ಕೆಮ್ಮಿದರೂ ಅವನಿಗೆ ಕೇಳುತ್ತಿತ್ತು. ತನ್ನ ಹೆಂಡತಿ ಕೂಗಿದ್ದೊಂದು ಕೇಳುತ್ತಿರಲಿಲ್ಲ.

"ಎರಡು ಪ್ಲಗ್ ಕೆಲಸ ಮಾಡ್ತಿಲ್ಲ ಕಣಯ್ಯ," ಅಂದ.

"ಪ್ಲಗ್ ಅಲ್ಲ, ಪೆಟ್ರೋಲ್," ಎಂದು ಗೇಟಿನಿಂದ ಇನ್ನೊಂದು ದನಿ ಬಂತು. ಎದುರುಮನೆಯ ಕಂಪೌಂಡರ್, ಬಿಳಿ ಕೋಟು ಹಾಕಿಕೊಂಡು ಆಸ್ಪತ್ರೆಗೆ ಹೊರಟಿದ್ದವನು, ಒಳಗೇ ಬಂದುಬಿಟ್ಟ. ಡಾಕ್ಟರು ರಿಪೇರಿಗೆ ಕೊಟ್ಟಿದ್ದ ಸ್ಟೆತಾಸ್ಕೋಪನ್ನು ಜೇಬಿನಿಂದ ತೆಗೆದು ಎಂಜಿನ್ನಿನ ಮೇಲಿಟ್ಟು ಕಣ್ಣು ಮುಚ್ಚಿದ. "ಹೊಟ್ಟೇಲಿ ಗಾಳಿ ತುಂಬ್ಕೊಂಡಿದೆ. ದೂಡಿ ನಾಲ್ಕು ಹೆಜ್ಜೆ ಓಡಿಸಿದ್ರೆ ಹೊರಗೆ ಹೋಗುತ್ತೆ."

"ಮೂಲವ್ಯಾಧಿಗೂ ನೀನು ಓಡು ಅಂತಾನೇ ಹೇಳ್ತೀಯಲ್ಲಯ್ಯ," ಅಂದ ಬಸ್ಸಣ್ಣ. ಆದರೂ ಗೋಡೆ ಹಾರಿ ದೂಡಲು ಬಂದ. ದೂಡುವುದೆಂದರೆ ಯಾರಿಗೆ ಆಸೆ ಇಲ್ಲ?

ಮೂವರೂ ಸೇರಿ ದೂಡಿ ಕಾರನ್ನು ಬೀದಿಗೆ ತಂದರು. ದರ್ಜಿ ಹಾರಿ ಒಳಗೆ ಕೂತು ಗೇರು ಹಾಕಿದ. ಕಾರು ಎರಡು ಸಲ ಮುಗ್ಗರಿಸಿ, ಬಾಂಬು ಸಿಡಿದ ಹಾಗೆ ಹಿಂದಿನಿಂದ ಢಮಾರ್ ಎಂದಿತು. ಬೀದಿಯ ಕಿಟಕಿಗಳೆಲ್ಲ ತೆರೆದವು. ಹೊಗೆ ಕರಗಿದಾಗ ಸೈಲೆನ್ಸರ್ ಕೊಳವೆಯ ಹಿಂದೆಯೇ ನಿಂತಿದ್ದ ಕಂಪೌಂಡರನ ಬಿಳಿ ಕೋಟು ಬಾಣಲೆಯ ತಳದ ಹಾಗಾಗಿತ್ತು.

"ಗಾಳಿ ಹೋಯ್ತು ನೋಡು," ಅಂದ ಬಸ್ಸಣ್ಣ.

"ನನಗೆ ಹೊಸ ಕೋಟು ಹೊಲಿದ್ಕೊಡ್ಬೇಕು!" ಎಂದು ಕಂಪೌಂಡರ್ ಕೂಗಾಡಿದ. "ನೀವೇ ಸಾಕ್ಷಿ!" ಎಂದು ಕಿಟಕಿಗಳ ಕಡೆ ಕೈ ತೋರಿಸಿದ. ಕಿಟಕಿಗಳು ಒಪ್ಪಿದವು. ಖಾಕಿ ಗುಡ್ಡದ ಮೇಲೆ ಒಂದು ಬಿಳಿ ಕೋಟು ಏರಿತು.

ಕಾರನ್ನು ಮತ್ತೆ ಅಂಗಳಕ್ಕೆ ದೂಡಿ ತರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ದರ್ಜಿ ಸೋತ. ಯಾರಿಗೂ ಕೇಳಿಸದಂತೆ ಅಡುಗೆಮನೆಯ ಮೂಲೆಗೆ ಹೋಗಿ ಮೇಸ್ತ್ರಿಗೆ ಫೋನು ಮಾಡಿ, ಬಟ್ಟೆಯ ಕತೆ ಒಪ್ಪಿಕೊಂಡ. ಅತ್ತಲಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಮೇಸ್ತ್ರಿ, "ನಡುವಿನ ಎರಡು ವೈರು ಅದಲುಬದಲಾಗಿರ್ಬೇಕು. ಕಿತ್ತು ಅದನ್ನಿಲ್ಲಿ, ಇದನ್ನಲ್ಲಿ ಹಾಕು. ಆಮೇಲೆ ಕೈ ಕಟ್ಕೊಂಡು ಕೂತ್ಕೋ," ಅಂದ.

ದರ್ಜಿ ಹಾಗೇ ಮಾಡಿದ. ಸ್ಟಾರ್ಟ್ ಮಾಡಿದ. ಅದೇ ಗಡಗಡ.

ಅವನು ಮೇಸ್ತ್ರಿಯ ವಂಶವನ್ನು ಉದ್ಧರಿಸುತ್ತಿರುವಾಗ ಬಸ್ಸಣ್ಣ ಕೈಯ ಸೋಪಿನ ನೊರೆ ಒರೆಸಿಕೊಳ್ಳುತ್ತ ಗೋಡೆಯ ಮೇಲೆ ಕಾಣಿಸಿದ. "ಮತ್ಯಾಕಯ್ಯ ನಡುಗ್ತಿದೆ? ನೀನು ಒಳಗೆ ಹೋಗಿದ್ದಾಗ ನಾನೇ ನಡುವಿನ ಎರಡು ವೈರು ಬದಲಾಯಿಸಿ ಸರಿ ಮಾಡಿ ಹೋಗಿದ್ದೆನಲ್ಲ?"

"ನೀನು ಬದಲಾಯಿಸಿದ್ಯಾ?"

"ಹೂಂ. ಯಾಕೆ?"

"ನಾನೂ ಬದಲಾಯಿಸ್ದೆ!"

ಬಾಗಿಲಲ್ಲಿ ನಿಂತ ಹೆಂಡತಿ ಹಣೆ ಹಣೆ ಬಡಿದುಕೊಂಡಳು. "ಒಬ್ಬರು ಹೊಲಿದದ್ದನ್ನ ಇನ್ನೊಬ್ಬರು ಬಿಚ್ಚಿದ್ರಿ. ಸರಿಹೋಯ್ತು."

ಬಸ್ಸಣ್ಣ ಗೋಡೆ ಹಾರಿ ಬಂದು ವೈರುಗಳನ್ನು ಮತ್ತೆ ಬದಲಾಯಿಸಿದ. ಈ ಸಲ ಎಂಜಿನ್ನು ಮೊಸರು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಬಾನೆಟ್ಟಿನ ಮೇಲೆ ನೀರಿನ ಲೋಟ ಇಟ್ಟರೆ ಹನಿ ತುಳುಕಲಿಲ್ಲ. "ಭಾವ ಬಂದು ಕಾರು ತಗೊಂಡು ಹೋಗೋವರೆಗೂ ನನ್ನ ಒಂದು ಕಣ್ಣು ಇದರ ಮೇಲೇ ಇರುತ್ತೆ. ನೀನು ನಿಶ್ಚಿಂತೆಯಾಗಿರು," ಎಂದು ಬಸ್ಸಣ್ಣ ಮಾತು ಕೊಟ್ಟ. ದರ್ಜಿ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಭಾವ ಬಂದ. ಟೀ ಕುಡಿದ. ಕಾಲು ಚಾಚಿ ಕೂತು, "ನಿಜ ಹೇಳ್ಬೇಕಂದ್ರೆ ಆ ಡಬ್ಬಾ ನನಗೆ ಬೇಡಮ್ಮ," ಎಂದು ತಂಗಿಗೆ ಹೇಳಿದ. "ಅದರ ಎಂಜಿನ್ ಆಯುಸ್ಸು ಮುಗೀತು ಅಂತ ಮೊದಲೇ ಗೊತ್ತಿತ್ತು. ಇವತ್ತು ನೋಡ್ತೀನಿ. ಮೊದಲಿನ ಹಾಗೇ ನಡುಗ್ತಿದ್ರೆ ನಿಮಗೇ ಬಿಟ್ಟು, ಬಂದ ಬಸ್ಸಿಗೇ ಹೋಗ್ತೀನಿ. ಏನಾದ್ರೂ ಮಾಡ್ಕೊಳ್ಳಿ." ಇಷ್ಟು ಹೇಳಿ ಟವೆಲು ಹಿಡಿದು ಸ್ನಾನಕ್ಕೆ ಹೋದ.

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು.

"ಎರಡು ವೈರು," ಅಂದ ದರ್ಜಿ ಪಿಸುದನಿಯಲ್ಲಿ.

"ಬೇಗ ಹೋಗ್ರೀ!" ಅಂದಳು ಹೆಂಡತಿ.

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದಿನ ಮರೆಯಲ್ಲಿ ದರ್ಜಿ ಬಾನೆಟ್ ಎತ್ತಿದ. ಈಗ ಅವನಿಗೆ ಕಣ್ಣು ಮುಚ್ಚಿದರೂ ಆ ಎರಡು ವೈರು ಗೊತ್ತು. ಅದನ್ನಿಲ್ಲಿ, ಇದನ್ನಲ್ಲಿ. ಖಾತ್ರಿಗೆ ಒಂದು ಸಲ ಸ್ಟಾರ್ಟ್ ಮಾಡಿದ. ಗಡಗಡ! ಬೆಳಗ್ಗೆ ಕಣ್ಣೀರು ಬರಿಸಿದ್ದ ಸದ್ದು ಈಗ ವಾಲಗದ ಹಾಗೆ ಕೇಳಿತು. ಆಫ್ ಮಾಡಿ ಒಳಗೆ ಬಂದು, ಹೆಂಡತಿಯ ಜೊತೆ ಮುಂದಿನ ಸೀಟಿಗೆ ಯಾವ ಬಣ್ಣದ ಕವರು ಹೊಲಿಯುವುದೆಂದು ಚರ್ಚಿಸಿದ. ಅವಳು ನೀಲಿ ಅಂದಳು. ಇವನು ಕೆಂಪು ಅಂದ. ಕೊನೆಗೆ ನೀಲಿ ಎಂದು ತೀರ್ಮಾನವಾಯಿತು.

ಭಾವ ತಲೆ ಒರೆಸಿಕೊಂಡು ಹೊರಗೆ ಬಂದ. ದರ್ಜಿ ಸಾವಿನ ಮನೆಗೆ ಹೋಗುವ ಮುಖ ಮಾಡಿಕೊಂಡ. "ಹೇಳೋಕೆ ಬೇಜಾರು, ಭಾವ. ನಾನು ಮುಟ್ಟಿದೋನಲ್ಲ. ನಿಂತಲ್ಲೇ ಹಾಳಾಗಿದೆ. ಸ್ಟಾರ್ಟ್ ಮಾಡಿದ್ರೆ ಮೈ ನೋವು ಬರೋ ಅಷ್ಟು ನಡುಗುತ್ತೆ."

ಭಾವ ಕೂತು ಕೀಲಿ ತಿರುಗಿಸಿದ.

ಬೆಕ್ಕು ಗುರುಗುಟ್ಟಿತು.

ಭಾವ ಆಕ್ಸಿಲರೇಟರ್ ಒತ್ತಿದ, ಬಿಟ್ಟ, ಒತ್ತಿದ. ಒಂದು ಸಣ್ಣ ಕೆಮ್ಮೂ ಇಲ್ಲ. ಅವನ ಮುಖ ಅರಳಿ, ಆಮೇಲೆ ಕೆಂಪಾಯಿತು.

"ಇದು ನಡುಗುತ್ತಾ? ಹೊಸ ಎಂಜಿನ್ ಥರ ಇದೆ! ಸುಳ್ಳು ಹೇಳಿ ನನ್ನ ಕಾರು ಹೊಡ್ಕೊಳ್ಳೋಕೆ ನೋಡ್ತೀಯಾ? ತಂಗಿ ಮುಖ ನೋಡ್ಕೊಂಡು ಸುಮ್ನಿದ್ದೀನಿ."

ಹೊಸ ಎಂಜಿನ್ನೇ ಎಂದು ಹೇಳುವಂತಿಲ್ಲ. ಕಾರು ಗೇಟು ದಾಟಿ, ಬೀದಿ ದಾಟಿ, ತಿರುವಿನಲ್ಲಿ ಸದ್ದೇ ಇಲ್ಲದೆ ಮರೆಯಾಯಿತು.

ಗೋಡೆಯ ಮೇಲೆ ಬಸ್ಸಣ್ಣನ ತಲೆ ಹುಟ್ಟಿತು. ಮುಖದ ತುಂಬ ನಗು. "ಯಾವ ಕಿಡಿಗೇಡಿಯೋ ವೈರು ಮತ್ತೆ ಅದಲುಬದಲು ಮಾಡಿದ್ದನಯ್ಯ! ಗಡಗಡ ಅಂದಿದ್ದು ಕೇಳಿಸ್ತು. ನೀನು ಒಳಗೆ ಹೋದ ತಕ್ಷಣ ಹಾರಿ ಬಂದು ಸರಿ ಮಾಡ್ಬಿಟ್ಟೆ. ಕಣ್ಣಿಡ್ತೀನಿ ಅಂದಿದ್ನೋ ಇಲ್ವೋ?"

ದರ್ಜಿ ಖಾಲಿ ಅಂಗಳದಿಂದ ಕಣ್ಣು ಕಿತ್ತು ಬಸ್ಸಣ್ಣನ ಕಡೆ ತಿರುಗಿದ.

"ಥ್ಯಾಂಕ್ಸ್ ಎಲ್ಲ ಬೇಡಪ್ಪ. ಹೇಗೂ ಖಾಕಿ ರಾಶಿ ಬಿದ್ದಿದೆ, ನನಗೂ ಒಂದು ಶರ್ಟು ಹೊಲಿದ್ಕೊಡು ಸಾಕು." ಬಸ್ಸಣ್ಣ ಗೋಡೆ ಹಾರಿ ಬಂದು ಅಳತೆಗೆ ನೆಟ್ಟಗೆ ನಿಂತ.

ದರ್ಜಿ ಕೊರಳಲ್ಲಿದ್ದ ಟೇಪು ತೆಗೆದು ಮೊದಲು ಅವನ ಕುತ್ತಿಗೆಯ ಅಳತೆ ತೆಗೆದ. ಬೇಕಾದ್ದಕ್ಕಿಂತ ಕೊಂಚ ಬಿಗಿಯಾಗಿ, ಬೇಕಾದ್ದಕ್ಕಿಂತ ಕೊಂಚ ಹೆಚ್ಚು ಹೊತ್ತು.