ನಡೆಯೋ ಮೀನಿಗೆ ಹುಷಾರಿಲ್ಲ

ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುವವನಿಗೆ ನಗೆಪಾಟಲಾಗುವುದೂ ಸಂಬಳದ ಜೊತೆಗೇ ಬರುತ್ತದೆ. ನಾನು ಡಾಕ್ಟರಲ್ಲ, ಇನ್‌ಸ್ಪೆಕ್ಟರು. ಲಸಿಕೆ ಹಾಕುವುದು, ಗಾಯಕ್ಕೆ ಮುಲಾಮು ಹಚ್ಚುವುದು, ಡಾಕ್ಟರು ಬರುವ ತನಕ ಹಸುವಿನ ಯಜಮಾನನಿಗೆ ಧೈರ್ಯ ಹೇಳುವುದು, ಇಷ್ಟೇ ನನ್ನ ಕೆಲಸ. ಆದರೆ ಮೊದಲು ಜಗಳೂರು, ಆಮೇಲೆ ಚನ್ನಗಿರಿ, ಈಗ ನ್ಯಾಮತಿ, ಎಲ್ಲಿ ಹೋದರೂ ಜನ ನನ್ನನ್ನು ಡಾಕ್ಟ್ರೇ ಎಂದೇ ಕರೆಯುವುದು. ಜಗಳೂರಿನಲ್ಲಿ ಒಬ್ಬ ಹಿರಿಯರು ತಮ್ಮ ಮಂಡಿ ತೋರಿಸಿ, "ಎತ್ತಿಗೆ ಕೊಟ್ರಲ್ಲ, ಅದೇ ಗುಳಿಗೆ ನನಗೂ ಅರ್ಧ ಕೊಡ್ರಿ, ಎತ್ತು ಈಗ ಜೋರು ಓಡಾಡ್ತೈತೆ" ಎಂದಿದ್ದರು. ಇಂಥವು ನಡೆಯುತ್ತಲೇ ಇರುತ್ತವೆ.

ಈ ವರ್ಷದ ಪ್ರಸಂಗಗಳೆಲ್ಲ ಮಾತ್ರ ಒಂದೇ ಪ್ರಾಣಿಯವು, ಅದೂ ನನ್ನ ಅಂಗೈಯಷ್ಟುದ್ದದ್ದು. ಅವನ್ನು ಹೇಳುವ ಮೊದಲು ಬೇರೊಂದನ್ನು ಹೇಳಲೇಬೇಕು. ಹೋದ ದೀಪಾವಳಿ ಹೊತ್ತಿಗೆ ನನ್ನ ಹೆಂಡತಿಗೆ ಆರನೇ ತಿಂಗಳಲ್ಲಿ ಮಗು ಹೋಯಿತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಆಸ್ಪತ್ರೆಯಿಂದ ಮನೆಗೆ ಬಂದಾಗ ನಮ್ಮ ಓಣಿ ತಣ್ಣಗಿತ್ತು.

ನಮ್ಮ ಓಣಿಯವರು ಕಲ್ಲು ಮನಸ್ಸಿನವರಲ್ಲ. ಯಾರದಾದರೂ ಕಾಲು ಉಳುಕಿದರೂ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬರುತ್ತಾರೆ. ಸಾವಾದರಂತೂ ದುಃಖದಲ್ಲಿದ್ದವರನ್ನು ಮಾತಾಡಿಸಲು ಎಲ್ಲರೂ ಬರುತ್ತಾರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಲ್ಲ, ಊಟ ಅವರೇ ತರುತ್ತಾರೆ. ಹೊರಡುವಾಗ ಮಾತ್ರ ಯಾರೂ "ಬರ್ತೀನಿ" ಅನ್ನುವುದಿಲ್ಲ. ಇಂಥದ್ದಕ್ಕೆ ಮತ್ತೆ ಬರುವಂತಾಗದಿರಲಿ ಅಂತ ಸುಮ್ಮನೆ ಎದ್ದು ಹೋಗುತ್ತಾರೆ. ಇದಕ್ಕೆಲ್ಲ ಮುಂದಾಳು ಎದುರು ಮನೆ ಅಜ್ಜಿ. ಆದರೆ ಹುಟ್ಟದ ಕೂಸಿಗೆ ಹೆಸರಿಲ್ಲ, ತಿಥಿಯಿಲ್ಲ. ಯಾವತ್ತು ಬರಬೇಕು, ಬಂದು ಏನು ಹೇಳಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಆ ಅಜ್ಜಿ ಕೂಡ ನಮ್ಮ ಬಾಗಿಲು ಬಂದಾಗ ಸೆರಗು ಎಳೆದುಕೊಂಡು ನೆಲ ನೋಡುತ್ತಾ ಹೋಗುತ್ತಿದ್ದಳು.

ನನ್ನ ಹೆಂಡತಿಯೂ ಅಳಲಿಲ್ಲ. ಏನು ಕೇಳಿದರೂ "ಹೂಂ", ಇಲ್ಲವೇ "ಆತು". ಊರಿನ ಎಮ್ಮೆ ಯಜಮಾನರಿಗೆಲ್ಲ ಧೈರ್ಯ ಹೇಳುವ ನನಗೆ ಅವಳಿಗೆ ಹೇಳಲು ಒಂದು ಮಾತೂ ಸಿಗಲಿಲ್ಲ. ಒಮ್ಮೆ ಗಟ್ಟಿಯಾಗಿ ಅತ್ತುಬಿಡಲಿ ಶಿವನೇ ಅಂತ ದಿನಾ ಬೇಡಿಕೊಳ್ಳುತ್ತಿದ್ದೆ.

ಗೋಡೆ ತುಂಬ ಇದಾವೆ

ಸಂಕ್ರಾಂತಿ ಕಳೆದ ಮೇಲೆ ಅವಳನ್ನು ದಾವಣಗೆರೆಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದು ಬರುತ್ತಿದ್ದೆವು. ದಾರಿಯಲ್ಲಿ ಬಣ್ಣದ ಮೀನು ಮಾರುವ ಅಂಗಡಿ. ಅವಳು ನಿಂತಳು. ಗಾಜಿನ ಪೆಟ್ಟಿಗೆಯಲ್ಲಿ ತಿಳಿಗುಲಾಬಿ ಬಣ್ಣದ ಒಂದು ಪ್ರಾಣಿ. ನಾಲ್ಕು ಕಾಲು, ಒಂದು ಬಾಲ, ಕತ್ತಿನ ಎರಡೂ ಕಡೆ ಪುಕ್ಕದಂಥ ಕೆಂಪು ಕಿವಿರು, ಈ ಕೊನೆಯಿಂದ ಆ ಕೊನೆವರೆಗೆ ನಗುವ ಬಾಯಿ.

"ಆಕ್ಸಲಾಟಲ್ ಅಂತ ಇದರ ಹೆಸರು," ಅಂದ ಅಂಗಡಿಯವನು. "ನಡೆಯೋ ಮೀನು ಅಂತಾನೂ ಅಂತಾರೆ. ಇದಿನ್ನೂ ಮರಿ. ಆದ್ರೆ ಎಷ್ಟು ದೊಡ್ಡದಾದ್ರೂ ನೋಡಾಕೆ ಮರಿ ಹಂಗೇ ಇರ್ತೈತೆ."

"ರೀ, ಇದು ಬೇಕು," ಅಂದಳು ನನ್ನ ಹೆಂಡತಿ.

ದೀಪಾವಳಿಯ ನಂತರ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಅಂಗಡಿಯನ್ನೇ ಕೇಳಿದ್ದರೂ ಕೊಡಿಸುತ್ತಿದ್ದೆ.

ಬಸ್ಸಿನಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅವಳು ಮಡಿಲಲ್ಲಿಟ್ಟುಕೊಂಡು ಕೂತಳು. ಪಕ್ಕದ ಸೀಟಿನ ಮುದುಕಪ್ಪ ಚೀಲದಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಕೇಳಿಯೇಬಿಟ್ಟ, "ದುಡ್ಡು ಕೊಟ್ಟು ತಂದ್ರಾ?" ಹೌದು ಅಂದೆ. ಹೊನ್ನಾಳಿ ಬಂತು. ಇಳಿಯುವ ಮೊದಲು ನನ್ನ ಕಿವಿಯ ಹತ್ತಿರ ಬಗ್ಗಿ, ನನ್ನ ಬಗ್ಗೆ ನಿಜವಾದ ಮರುಕದಿಂದ ಹೇಳಿದ: "ಹಲ್ಲಿ ಬೇಕಿದ್ರೆ ನಮ್ಮನೀಗೆ ಬರಬೇಕಿತ್ತು ಕಣಪ್ಪ. ಗೋಡೆ ತುಂಬ ಇದಾವೆ. ಪುಕ್ಕಟೆ ಕೊಡ್ತಿದ್ದೆ."

ಮಡಿ ಅನ್ನೋದು ಒಂದು ಐತೆ

ಮಗಳನ್ನು ನೋಡಿಕೊಳ್ಳಲು ಜಗಳೂರಿನಿಂದ ಬಂದ ನಮ್ಮತ್ತೆ ಇಲ್ಲೇ ಉಳಿದಿದ್ದರು. ಎರಡು ಹೊತ್ತು ಲಿಂಗಪೂಜೆ ಮಾಡುವ ಹೆಂಗಸು. ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟುವಂತಿಲ್ಲ. ಇತ್ತ ನಮ್ಮ ಹೊಸ ಅತಿಥಿಗೆ ಬೇಕಾದದ್ದು ಎರೆಹುಳ, ಅದೂ ಜೀವಂತ. ನಾನು ಆಸ್ಪತ್ರೆಯ ಗೊಬ್ಬರದ ಗುಂಡಿಯಿಂದ ಹುಳ ಆರಿಸಿ, ಖಾಲಿ ಉಪ್ಪಿನಕಾಯಿ ಬಾಟಲಿಗೆ ಮಣ್ಣಿನ ಸಮೇತ ತುಂಬಿ ಕದ್ದು ತರುತ್ತಿದ್ದೆ. ಬಾಟಲಿಯಲ್ಲಿ ಉಪ್ಪಿನಕಾಯಿ ಇದೆ ಅಂತಲೇ ನಂಬಿ ಒಂದು ಮಧ್ಯಾಹ್ನ ಅತ್ತೆ ಅನ್ನದ ತಟ್ಟೆ ಮುಂದಿಟ್ಟುಕೊಂಡು ಮುಚ್ಚಳ ತೆಗೆದರು.

ಅವರು ಕೂಗಿದ ಕೂಗು ತಾಲ್ಲೂಕು ಆಫೀಸಿನವರೆಗೆ ಕೇಳಿರಬೇಕು. "ಲಿಂಗ ಕಟ್ಟಿದ ಮನೆಯಾಗೆ ಇದೇನ್ರೀ ಅಳಿಯಂದ್ರೆ! ನಾನು ನಾಳೆ ಬೆಳಗ್ಗೆ ಬಸ್ಸಿಗೇ ಜಗಳೂರಿಗೆ ಹೋಗ್ತೀನಿ!" ಚೀಲಕ್ಕೆ ಸೀರೆ ತುಂಬಿದ್ದೂ ಆಯಿತು. ಆಮೇಲೆ ಹಾಲ್‌ಗೆ ಬಂದವರು ಅಲ್ಲೇ ನಿಂತರು. ಮಗಳು ಮರಿಯ ನೀರಿನ ಟಬ್ಬಿನ ಮುಂದೆ ಕೂತು, "ತಿನ್ನು, ಒಂದು ತಿನ್ನು, ನನ್ನ ಬಂಗಾರ" ಅನ್ನುತ್ತಿದ್ದಳು. ಎಷ್ಟೋ ತಿಂಗಳಿಂದ ಯಾರ ಜೊತೆಗೂ ಇಷ್ಟುದ್ದ ಮಾತಾಡಿದವಳಲ್ಲ.

ಮರುದಿನ ನಾನು ಮನೆಗೆ ಬಂದಾಗ ಅತ್ತೆ ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡ ಕೆದಕುತ್ತಿದ್ದರು. ಪ್ರತಿ ಹುಳ ಎತ್ತುವಾಗಲೂ "ಶಿವಾ, ತಪ್ಪಾತು" ಅಂತ ಕೆನ್ನೆ ಬಡಿದುಕೊಳ್ಳುತ್ತಿದ್ದರು.

"ಅತ್ತೆ, ನೀವ್ಯಾಕೆ? ಪಾಪ ಬರಲ್ವಾ?" ಅಂದೆ.

"ಬರ್ತೈತೆ. ಅದಕ್ಕೇ ನಾನು ತೆಗೀತಿರೋದು. ನನಗೆ ಹೆಂಗೂ ವಯಸ್ಸಾತು, ಶಿವನ ಹತ್ರ ಹೋಗಿ ನಾನೇ ಮಾತಾಡ್ತೀನಿ. ನೀವು ಇನ್ನೂ ಮಕ್ಕಳು ಮರಿ ಕಾಣಬೇಕಾದೋರು, ದೂರ ನಿಲ್ರಿ."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ ಅವರೇ ಬೆರಳು ತೋರಿಸಿ ಎಚ್ಚರಿಸಿದರು: "ಹಂಗಂತ ಈ ಮನೀಗೆ ಮೊಟ್ಟೆ ಗಿಟ್ಟೆ ತಂದೀರಿ ಮತ್ತೆ. ಮಡಿ ಅನ್ನೋದು ಒಂದು ಐತೆ!"

ಹಗ್ಗ ಹಾಕ್ರಿ ಮೊದ್ಲು

ಬೇಸಿಗೆ ಬಂತು. ಈ ಪ್ರಾಣಿಗೆ ಮಡಕೆ ನೀರಿನಷ್ಟು ತಂಪು ಸದಾ ಇರಬೇಕು, ನಮ್ಮ ಕಡೆ ಏಪ್ರಿಲ್‌ನಲ್ಲಿ ನಲ್ಲಿ ನೀರೇ ಕಾಫಿಗಾಗುವಷ್ಟು ಬಿಸಿ. ನಾನು ಐಸ್ ತಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಟಬ್ಬಿಗೆ ಇಳಿಬಿಡುತ್ತಿದ್ದೆ. "ನಮ್ಮ ಜಗಳೂರಾಗೆ ಅಳಿಯ ಬಂದ್ರೂ ಇಂಥ ನೀರು ಕೊಟ್ಟಿಲ್ಲ," ಅನ್ನುತ್ತಿದ್ದರು ಅತ್ತೆ. ಬದಲಾಯಿಸಿದ ನೀರನ್ನು ಒಂದು ಹನಿಯೂ ಚೆಲ್ಲದೆ ಕರಿಬೇವಿಗೆ ಹಾಕುತ್ತಿದ್ದರು. ಗಿಡ ಏನೋ ಸೊಂಪಾಗಿ ಚಿಗುರಿತು, ಮರಿ ಬಾಡಿತು. ಪುಕ್ಕದಂಥ ಕಿವಿರು ಮುಂದಕ್ಕೆ ಸುರುಳಿಯಾಯಿತು, ಅದರ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಂಡಿತು. ತಿನ್ನುವುದು ನಿಂತಿತು. ನನ್ನ ಹೆಂಡತಿ ಮತ್ತೆ "ಹೂಂ", "ಆತು" ಶುರು ಮಾಡಿದಳು.

ಹೆದರಿ ಚನ್ನಗಿರಿಯ ಡಾಕ್ಟರಿಗೆ ಫೋನ್ ಮಾಡಿದೆ. ಅವರ ಕೈಕೆಳಗೆ ಕೆಲಸ ಮಾಡಿದವನು ನಾನು. ಅವರು ಯಾವುದೋ ಊರಿನ ಗದ್ದಲದಲ್ಲಿದ್ದರು. ನಾನು ಬಾಯಿ ಬಿಡುವ ಮೊದಲೇ ಅಭ್ಯಾಸಬಲದಿಂದ ಶುರು ಮಾಡಿದರು.

"ಮೇವು ತಿಂತೈತಾ?"

"ಇಲ್ಲ ಸಾರ್."

"ಮೆಲುಕು ಹಾಕ್ತೈತಾ?"

"ಸಾರ್, ಅದು ಮೆಲುಕು..."

"ಎದ್ದು ನಿಲ್ತೈತಾ, ಮಲಗೇ ಐತಾ?"

"ಸಾರ್, ಅದು ನೀರಾಗೈತೆ!"

"ನೀರಾಗಾ? ಅಯ್ಯೋ ಮಾರಾಯ, ಅದನ್ನ ಮೊದ್ಲು ಹೇಳಬಾರದಾ! ಬಾವಿನಾ, ಚಾನಲ್ ಕಾಲುವೇನಾ? ಜನ ಸೇರಿಸ್ರಿ, ಹೊಟ್ಟೆ ಕೆಳಗೆ ಹಗ್ಗ ಹಾಕ್ರಿ ಮೊದ್ಲು, ನಾನು ಹೊರಟೆ!"

ಉಬ್ರಾಣಿಯ ಲಸಿಕೆ

ಅದು ಹಸುವಲ್ಲ, ಎಮ್ಮೆಯೂ ಅಲ್ಲ ಅಂತ ಬಿಡಿಸಿ ಹೇಳಿದ ಮೇಲೆ ಡಾಕ್ಟರು ಚನ್ನಗಿರಿಗೇ ತರಲು ಹೇಳಿದರು. ಮರುದಿನ ಬೆಳಗ್ಗೆ ಮರಿಯನ್ನು ನೀರಿನ ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ನನ್ನ ಹಳೇ ಲಸಿಕೆ ಪೆಟ್ಟಿಗೆಯಲ್ಲಿ ಐಸಿನ ಮಧ್ಯೆ ಇಟ್ಟು ಬೈಕಿನಲ್ಲಿ ಹೊರಟೆವು. ಹೆಂಡತಿ ಹಿಂದೆ ಪೆಟ್ಟಿಗೆ ಅವಚಿ ಕೂತಿದ್ದಳು. ಚನ್ನಗಿರಿ ತಲುಪಿದರೆ ಡಾಕ್ಟರು ಹಸುವಿನ ಹೆರಿಗೆಗೆ ಉಬ್ರಾಣಿಗೆ ಹೋಗಿದ್ದರು. ನಾವೂ ಅಲ್ಲಿಗೇ ಹೋದೆವು.

ಉಬ್ರಾಣಿಯವರಿಗೆ ನನ್ನ ಮುಖವೂ ಗೊತ್ತು, ಆ ಪೆಟ್ಟಿಗೆಯೂ ಗೊತ್ತು. ಕಾಲುಬಾಯಿ ಜ್ವರದ ಲಸಿಕೆಯನ್ನು ಅದರಲ್ಲೇ ಎಷ್ಟೋ ಸಲ ಒಯ್ದಿದ್ದೆ. ಡಾಕ್ಟರು ಯಾವ ಮನೆಯಲ್ಲಿದ್ದಾರೆ ಅಂತ ವಿಚಾರಿಸುವಷ್ಟರಲ್ಲಿ ನಾಲ್ಕೂ ದಿಕ್ಕಿನಿಂದ ದನ ಬರತೊಡಗಿದವು. ಒಬ್ಬಳು ತನ್ನ ಹಸುವಿನ ಮೂಗುದಾಣ ಬಿಗಿಯಾಗಿ ಹಿಡಿದು, "ನಾನು ಮೊದ್ಲು ಬಂದೀನಿ, ನಮ್ಮ ಗೌರಿಗೆ ಮೊದ್ಲು ಹಾಕ್ರಿ" ಅಂತ ಜಗಳಕ್ಕೇ ನಿಂತಳು. ಲಸಿಕೆ ಅಲ್ಲ ಅಂದರೆ ಯಾರೂ ನಂಬಲಿಲ್ಲ. "ನಮ್ಮೂರಿಗೆ ಬಂದು ಇಲ್ಲ ಅಂತೀರಲ್ಲ, ಪಕ್ಕದೂರಿಗೆ ಕೊಡಾಕೇನು?" ಅಂದರು. ಬೇರೆ ದಾರಿಯಿಲ್ಲದೆ ಮುಚ್ಚಳ ತೆಗೆದೆ. ಎಲ್ಲರೂ ಬಗ್ಗಿದರು. ಅಷ್ಟು ಕಾಯಿಲೆಯಲ್ಲೂ ಅದು ತನ್ನ ಹುಟ್ಟುನಗೆ ನಗುತ್ತಾ ಅವರನ್ನು ನೋಡಿತು.

ಒಬ್ಬ ಯಜಮಾನರು ವಿನಯದಿಂದ ಕೇಳಿದರು, "ಡಾಕ್ಟ್ರೇ, ಇದನ್ನ ದನಕ್ಕೆ ನುಂಗಿಸ್ತೀರಾ, ಇಲ್ಲ ಇದೇ ಬಂದು ಕಚ್ಚತೈತಾ?"

ಡಾಕ್ಟರು ಕೈ ತೊಳೆದುಕೊಂಡು ಬಂದರು. ಮರಿಯನ್ನು ನೋಡಿ, ಗೊತ್ತಿದ್ದವರಿಗೆ ಫೋನ್ ಮಾಡಿ ಕೇಳಿ, ಮಾಡಬೇಕಾದ್ದನ್ನು ಹೇಳಿದರು. ದಿನಾ ಹೊಸ ತಣ್ಣೀರು, ಹದವಾದ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಸ್ನಾನ, ಕತ್ತಲು, ಟಬ್ಬಿನ ಮೇಲೆ ಒದ್ದೆ ಬಟ್ಟೆ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಆಸೆ ಇಟ್ಕೋಬ್ಯಾಡ್ರಿ. ಮನೆಯೋರಿಗೆ ಮೆಲ್ಲಗೆ ಹೇಳ್ರಿ," ಅಂದರು.

ಇದೇ ಮಾತನ್ನು ದೀಪಾವಳಿ ಹೊತ್ತಿನಲ್ಲಿ ಆಸ್ಪತ್ರೆಯ ವರಾಂಡದಲ್ಲಿ ನಿಂತು ಕೇಳಿದ್ದೆ. ಆವತ್ತೂ ನನ್ನ ಕೈಲಿ ಅವಳಿಗೆ ಹೇಳಲಾಗಲಿಲ್ಲ, ಇವತ್ತೂ ಆಗಲಿಲ್ಲ. ಅವಳೂ ಕೇಳಲಿಲ್ಲ. ಪೆಟ್ಟಿಗೆ ಅವಚಿಕೊಂಡು ಬೈಕ್ ಹತ್ತಿದಳು. ಹಿಂದಿನಿಂದ ಆ ಯಜಮಾನರು ಕೂಗಿದರು: "ಹುಷಾರಾದ ಮೇಲೆ ತಗಂಡು ಬರ್ರಿ ಡಾಕ್ಟ್ರೇ, ನಮ್ಮ ದನ ಕಾಯ್ತಿರ್ತಾವೆ!"

ಮಾತಾಡಿಸಲು ಬಂದವರು

ಹಾಲ್‌ನ ಮೂಲೆಯಲ್ಲಿ, ತಂಪಾದ ನೆಲದ ಮೇಲೆ ಟಬ್ಬು ಇಟ್ಟೆವು. ಮೇಲೆ ನನ್ನ ಬಿಳಿ ಪಂಚೆ ಒದ್ದೆ ಮಾಡಿ ಹೊದಿಸಿದೆವು. ಇದು ಡಾಕ್ಟರು ಹೇಳಿದ್ದು. ಅತ್ತೆ ತಮ್ಮ ಲೆಕ್ಕದಲ್ಲಿ ಟಬ್ಬಿಗೆ ಮೂರು ಗೆರೆ ವಿಭೂತಿ ಎಳೆದರು. ನಾಲ್ಕಾರು ದಿನ ಹೀಗೇ ನಡೆಯಿತು. ಮರಿ ಸಾಯಲೂ ಇಲ್ಲ, ತಿನ್ನಲೂ ಇಲ್ಲ. ಅದಕ್ಕೆ ಹುಷಾರಿಲ್ಲ ಅಂತ ಓಣಿಗೆಲ್ಲ ಗೊತ್ತಾಗಿತ್ತು.

ಒಂದು ಸಂಜೆ ಕರೆಂಟು ಹೋಯಿತು. ಅತ್ತೆ ಟಬ್ಬಿನ ಹತ್ತಿರ ಒಂದು ಎಣ್ಣೆ ದೀಪ ಹಚ್ಚಿಟ್ಟು ಹುಳ ಹುಡುಕಲು ಹಿತ್ತಲಿಗೆ ಹೋದರು. ಗಾಳಿ ಬರಲಿ ಅಂತ ಬಾಗಿಲು ತೆರೆದಿತ್ತು. ಹೆಂಡತಿ ಬರೀ ನೆಲದ ಮೇಲೆ ಮೊಣಕಾಲಿಗೆ ತಲೆಯಿಟ್ಟು ಕೂತಿದ್ದಳು. ಆಗ ಎದುರು ಮನೆ ಅಜ್ಜಿ ಒಳಗೆ ಇಣುಕಿದಳು. ಬಿಳಿ ಬಟ್ಟೆ, ವಿಭೂತಿ, ತಲೆದೆಸೆಗೆ ದೀಪ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಹೆಂಗಸು. ಅಜ್ಜಿಗೆ ಇನ್ನೇನು ಬೇಕು? ಓಣಿಯ ಮನೆ ಮನೆಗೆ ಹೋಗಿ, "ಡಾಕ್ಟ್ರ ಮನೆ ಕೂಸು ಹೋತು, ಹೊರಡ್ರಿ" ಅಂದಳಂತೆ. ಮೀನಿಗೆಲ್ಲ ಯಾರಾದರೂ ಹೋಗುತ್ತಾರಾ ಅಂತ ಒಬ್ಬರು ಅಂದದ್ದಕ್ಕೆ, "ಬಾಯಿ ಮುಚ್ಚಿಕೊಂಡು ಹೊರಡು" ಅಂದಳಂತೆ.

ನಾನು ಐಸ್ ಹಿಡಿದು ಬರುತ್ತೇನೆ, ಬಾಗಿಲ ಮುಂದೆ ಚಪ್ಪಲಿಯ ರಾಶಿ. ಗಂಡಸರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕರೆಂಟು ಕಂಬದ ಕೆಳಗೆ ನಿಂತಿದ್ದಾರೆ. ಒಬ್ಬರು ನನ್ನ ಕೈ ಹಿಡಿದು, "ಧೈರ್ಯ ತಗೋರಿ. ಮಣ್ಣು ಎಷ್ಟೊತ್ತಿಗೆ?" ಅಂದರು.

ಯಾರ ಮಣ್ಣು? ಹೆಂಡತಿ ಏನಾದರೂ ಮಾಡಿಕೊಂಡಳಾ? ಚಪ್ಪಲಿ ತುಳಿದುಕೊಂಡೇ ಒಳಗೆ ಓಡಿದೆ.

ಅವಳು ಅಳುತ್ತಿದ್ದಳು. ಗಟ್ಟಿಯಾಗಿ, ಬಾಯಿ ಬಿಟ್ಟು, ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅಳುತ್ತಿದ್ದಳು. ಅಜ್ಜಿ ಬೆನ್ನು ಸವರುತ್ತಾ, "ಅಳವ್ವ, ಅಳು. ಆವತ್ತೇ ಬರಬೇಕಿತ್ತು ನಾನು. ಹೆಸರಿಲ್ಲದ ಕೂಸಿಗೆ ಏನಂತ ಮಾತಾಡ್ಸಬೇಕು ಅಂತ ತಿಳೀಲಿಲ್ಲ," ಅನ್ನುತ್ತಿದ್ದಳು. "ಒದೀತಿತ್ತು ಅಜ್ಜಿ," ಅಂದಳು ಇವಳು, "ನಾನು ಊಟಕ್ಕೆ ಕೂತ್ರೆ ಸಾಕು, ಒದೀತಿತ್ತು." ಸುತ್ತ ಕೂತ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಬಟ್ಟೆಯ ಕೆಳಗಿರುವುದು ಬದುಕಿದೆ ಅಂತ ಅಷ್ಟು ಜನರಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತು ನಾನೂ ಅತ್ತುಬಿಟ್ಟೆ, ಐಸೆಲ್ಲ ಕರಗಿ ಪ್ಯಾಂಟಿನ ಮೇಲೆ ಸುರಿಯಿತು.

ಆಗ ಹಿತ್ತಲಿಂದ ಬಂದರು ನಮ್ಮತ್ತೆ, ಕೈಯಲ್ಲಿ ಹುಳದ ಚಮಚ. ಅವರಿಗೆ ಇದ್ಯಾವುದೂ ಗೊತ್ತಿಲ್ಲ. "ಒಂಚೂರು ಸರೀರವ್ವ, ಊಟದ ಹೊತ್ತಾತು," ಅಂತ ಜನರ ಮಧ್ಯೆ ನುಗ್ಗಿ ಬಿಳಿ ಬಟ್ಟೆ ಎತ್ತಿದರು. ನೀರಿನಲ್ಲಿ ಗುಳುಂ ಅಂತ ಸದ್ದಾಯಿತು.

"ತಿಂತು! ಕೂಸು ತಿಂತು!" ಅಂತ ಅತ್ತೆ ಕೂಗಿದರು.

ಒಬ್ಬಳು ಚಿಟ್ಟನೆ ಚೀರಿ ಗೋಡೆಗೆ ಅಂಟಿಕೊಂಡಳು. ಹೊರಗಿನಿಂದ ಮೊದಲಿನ ಅದೇ ದನಿ ಕೇಳಿತು, "ಹಂಗಾದ್ರೆ ಮಣ್ಣು ಇಲ್ಲೇನ್ರೀ?" ನನ್ನ ಹೆಂಡತಿ ಅಜ್ಜಿಯ ಮಡಿಲಿಂದ ತಲೆಯೆತ್ತಿದಳು. ಕೆನ್ನೆ ತುಂಬ ನೀರು, ಮೂಗು ಸೋರುತ್ತಿದೆ, ನಗು ತಡೆಯಲಾಗುತ್ತಿಲ್ಲ. ಅವಳು ನಕ್ಕಿದ್ದೇ ತಡ, ಇಡೀ ಮನೆ ನಕ್ಕಿತು.

ಉಳಿದದ್ದು ಉಪ್ಪಿಟ್ಟಿನ ಪ್ರಶ್ನೆ. ಸಾವಿನ ಮನೆಗೆ ಅಂತ ದೊಡ್ಡ ಪಾತ್ರೆಯಲ್ಲಿ ತಂದಿದ್ದರು, ಸಾವೇ ಆಗಿಲ್ಲ. ತಿನ್ನಬಹುದೋ ಬಾರದೋ ಅಂತ ಹೆಂಗಸರಲ್ಲಿ ಗುಸುಗುಸು. "ತಣ್ಣಗಾಗ್ತೈತೆ, ಹಾಕ್ರೇ," ಅಂತ ಅಜ್ಜಿ ತೀರ್ಪು ಕೊಟ್ಟಳು. ಎಲ್ಲರೂ ಅಲ್ಲೇ ಕೂತು ತಿಂದರು. ನನ್ನ ಹೆಂಡತಿ ಎರಡು ಸಲ ಹಾಕಿಸಿಕೊಂಡಳು.

ಆಮೇಲೆ ಒಬ್ಬೊಬ್ಬರಾಗಿ "ಬರ್ತೀವಿ ಅಕ್ಕಾ", "ಬರ್ತೀನವ್ವ" ಅಂತ ಹೇಳಿ ಹೊರಟರು. ಕೊನೆಗೆ ಎದ್ದವಳು ಅಜ್ಜಿ. ನನ್ನ ಹೆಂಡತಿಯ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, ಏನೂ ಹೇಳದೆ ಹೊಸ್ತಿಲು ದಾಟಿದಳು. ನನಗೆ ಕೀಟಲೆ ಮಾಡುವ ಮನಸ್ಸಾಯಿತು.

"ಯಾಕಜ್ಜಿ, ಮರಿ ಬದುಕೈತಲ್ಲ! ಬರ್ತೀನಿ ಅಂತ ಹೇಳ್ಬೋದಿತ್ತು."

ಅಜ್ಜಿ ಕತ್ತಲಲ್ಲಿ ಕಾಲಿನಿಂದ ತನ್ನ ಚಪ್ಪಲಿ ತಡಕುತ್ತಾ ಹೇಳಿದಳು: "ನಿನ್ನ ಹಲ್ಲಿ ಮಾತಾಡ್ಸಾಕೆ ಬಂದಿದ್ರೆ ಹೇಳ್ತಿದ್ದೆ ಕಣಪ್ಪ."