ಸೌಟು ಹಿಡಿದ ಸೋದರತ್ತೆ

ನಮ್ಮ ಸೋದರತ್ತೆಗೆ ತಲೆ ಸರಿಯಿಲ್ಲವೆಂದು ಲಷ್ಕರ್ ಮೊಹಲ್ಲಾದ ನಮ್ಮ ಬೀದಿಯಲ್ಲಿ ಅರ್ಧ ಜನ ನಂಬಿದ್ದರು. ಉಳಿದ ಅರ್ಧ ಜನಕ್ಕೆ ಆಕೆಯ ಪರಿಚಯವಿರಲಿಲ್ಲ, ಅಷ್ಟೇ! ಗಂಡನಿಲ್ಲದ, ಮದುವೆ ಮಾಡಿ ಕೊಟ್ಟಿದ್ದ ಒಬ್ಬಳೇ ಮಗಳನ್ನೂ ಹೆರಿಗೆಯಲ್ಲಿ ಕಳೆದುಕೊಂಡ ಅತ್ತೆ, ನಜರ್‌ಬಾದಿನ ಮನೆಗೆ ಬೀಗ ಹಾಕಿ ಒಂದು ಟ್ರಂಕಿನೊಂದಿಗೆ ನಮ್ಮಲ್ಲಿಗೆ ಬಂದಿದ್ದಳು. ಬಾಯನ್ನೂ ಜೊತೆಗೇ ತಂದಿದ್ದಳು.

ಆಗ ನನ್ನ ಹೆಂಡತಿಗೆ ನಾಲ್ಕು ತಿಂಗಳು. ಹಿಂದಿನ ಕೂಸು ಹುಟ್ಟಿದ ದಿನವೇ ಹೋಗಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲ. ಹೀಗೇ ಆದರೆ ಈ ಸಲ ತಾಯಿ ಉಳಿಯೋದೂ ಕಷ್ಟ" ಎಂದರು. ಆದರೂ ಜಂಬ ಬಿಡಬೇಕಲ್ಲ? "ನಮ್ಮನೇಲಿ ಊಟಕ್ಕೇನೂ ಕೊರತೆ ಇಲ್ಲ ಡಾಕ್ಟ್ರೇ!" ಎಂದೆ.

ಜೊತೆಗೆ ಬಂದಿದ್ದ ಅತ್ತೆ ಅಲ್ಲೇ ಕೇಳಿದಳು: "ಲೋ, ಅವ್ಳು ಉಣ್ಣೋದ ಯಾವತ್ತಾದ್ರೂ ಕಣ್ಣಾರೆ ನೋಡಿದ್ದೀಯೇನೋ?"

ನೋಡಿರಲಿಲ್ಲ! ಮದುವೆಯಾಗಿ ಮೂರು ವರ್ಷವಾಗಿತ್ತು. ನಾನು ಮತ್ತು ಅಪ್ಪ ಉಂಡು, ಅಮ್ಮ ಉಂಡು, ಪಾತ್ರೆಯ ತಳದಲ್ಲಿ ಉಳಿದದ್ದು ಅವಳಿಗೆ. ಏನಾದರೂ ಉಳಿಯುತ್ತಿತ್ತೇ? ಯಾರು ಬಗ್ಗಿ ನೋಡಿದ್ದರು!

ಮರುದಿನ ಅತ್ತೆ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಅಡ್ಡ ಕೂತಳು. "ಮೊದ್ಲು ಬಸುರಿ ಉಣ್ಲಿ. ಆಮೇಲೆ ನೀವು."

"ಅಕ್ಕಾ, ಆಫೀಸಿಗೆ ಹೊತ್ತಾಯ್ತು" ಎಂದು ಅಪ್ಪ ಗುಡುಗಿದರು.

"ಹೋಗ್ಬುಡು ಮತ್ತೆ."

ಅಪ್ಪ ಸಿಟ್ಟಿನಿಂದ ಹೊರಟೇಬಿಟ್ಟರು. ಬೀದಿ ತಿರುವಿನವರೆಗೆ ಸಿಟ್ಟಿತ್ತು, ಅಲ್ಲಿಂದಾಚೆ ಬರೀ ಹಸಿವು. ವಾಪಸು ಬಂದರು!

ನನ್ನ ಹೆಂಡತಿಗೋ ಗಂಡಸರೆದುರು ತುತ್ತು ಇಳಿಯದು. ಅತ್ತೆ ಅಪ್ಪನನ್ನೂ ನನ್ನನ್ನೂ ಗೋಡೆ ಕಡೆ ಮುಖ ಮಾಡಿ ಕೂರಿಸಿದಳು. ಪಕ್ಕದ ಮನೆಯಾಕೆ ಇಣುಕಿ, "ಏನ್ರೀ, ಯಜಮಾನ್ರಿಗೆ ಇಸ್ಕೂಲ್ ಶಿಕ್ಷೆನಾ?" ಎಂದಳು. ಸಂಜೆಯೊಳಗೆ ಇಡೀ ಮೊಹಲ್ಲಾಕ್ಕೆ ಸುದ್ದಿ!

ಅಮ್ಮ ಮಾತ್ರ ನಗಲಿಲ್ಲ. ಒಂದು ವಾರ ಮುಖ ಊದಿಸಿಕೊಂಡಿದ್ದವಳು ಕೊನೆಗೆ ಸಿಡಿದಳು. "ಸೊಸೆಯಾಗಿದ್ದಾಗ ನಾನೂ ಕೊನೇಲೇ ಉಂಡೋಳಲ್ವಾ ಅತ್ತಿಗೆ? ನನ್ಗೇನಾಗೋಯ್ತು?"

"ನೀನ್ ನಾಲ್ಕು ಹೆತ್ತೆ. ಉಳ್ದೋನು ಇವ್ನೊಬ್ನೇ ಕಣಮ್ಮ."

ಅಮ್ಮ ಒಳಗೆ ಹೋದಳು. ಮುದ್ದೆ, ನುಗ್ಗೆಸೊಪ್ಪಿನ ಸಾರು ಬಡಿಸಿ ಸೊಸೆಯ ಮುಂದಿಟ್ಟು, ಅಪ್ಪನ ಲೋಟದ ಹಾಲನ್ನೂ ಅವಳತ್ತಲೇ ಸರಿಸಿದಳು. ಅಪ್ಪ ಗೋಡೆಗೆ ಮುಖ ಮಾಡಿಯೇ, "ನನ್ನ ಹಾಲು?" ಎಂದರು.

ಹೆರಿಗೆಯ ದಿನ ಬೆಳಗಿನಿಂದ ಆಸ್ಪತ್ರೆಯ ಜಗಲಿಯಲ್ಲಿ ನಾನು ಮತ್ತು ಅತ್ತೆ. ಒಳಗಿನ ಒಂದೊಂದು ಕೂಗಿಗೂ ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದೆ. ಮಧ್ಯಾಹ್ನ ನರ್ಸ್ ಬಂದು, "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ" ಎಂದಳು. ನಾನು ಅತ್ತೇಬಿಟ್ಟೆ. ಅತ್ತೆ ಅಳಲಿಲ್ಲ.

ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದೆ. ಅತ್ತೆ ಎಲೆಯನ್ನು ನನ್ನ ಕಡೆಗೇ ತಳ್ಳಿದಳು. "ನೀನ್ ತಿನ್ನು. ಉಳಿದ್ರೆ ನನ್ಗೆ."

ಐದು ತಿಂಗಳು ಸೌಟು ಹಿಡಿದು ಬಾಗಿಲು ಕಾದವಳು ತಾನು ಯಾವಾಗ ಉಣ್ಣುತ್ತಿದ್ದಳು? ಅದನ್ನೂ ನಾನು ನೋಡಿರಲಿಲ್ಲ! ನಾಚಿಕೆಯಾಯಿತು. "ಮೊದ್ಲು ನೀನು ತಿನ್ನು ಅತ್ತೆ" ಎಂದು ಗೋಡೆ ಕಡೆ ತಿರುಗಿ ಕೂತೆ.

ಬಹಳ ಹೊತ್ತಿನ ಮೇಲೆ ಎಲೆ ಬಿಚ್ಚಿದ ಸದ್ದಾಯಿತು. ಆಮೇಲೆ ಅತ್ತೆಯ ದನಿ: "ಗಂಡನ ಮನೇಲಿ ಎಲ್ರೂ ಉಂಡ್ಮೇಲೆ ಉಣ್ಣವ್ವ, ಅದೇ ಮರ್ಯಾದೆ ಅಂತ ನನ್ ಮಗಳ್ಗೆ ಹೇಳಿ ಕಳ್ಸಿದ್ದೋಳು ನಾನೇ ಕಣಪ್ಪ."

ನಾನು ತಿರುಗಿ ನೋಡಲಿಲ್ಲ. ಅವಳು ತಿಂದು ಮುಗಿಸುವವರೆಗೂ ಗೋಡೆಗೇ ಮುಖ ಮಾಡಿ ಕೂತಿದ್ದೆ.